ಓದುಗರ ಪ್ರಶ್ನೆ: ಮೊವರ್ ಹುಲ್ಲನ್ನು ಮುದ್ದೆ ಮುದ್ದೆಯಾಗಿ ಬೀಳಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಕೂತು ಓಡಿಸುವ ಲಾನ್ ಮೊವರ್ ಇದೆ. ಡೆಕ್, ಅಂದರೆ ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಕವಚ, 42 ಇಂಚು ಅಗಲ, ಬ್ಲೇಡ್ ಎರಡು, ಹುಲ್ಲು ಬಲಗಡೆಯಿಂದ ಹೊರಬೀಳುತ್ತದೆ. ಈಚೆಗೆ ಹುಲ್ಲು ಹಾರಿ ಹರಡುತ್ತಲೇ ಇಲ್ಲ. ಮುದ್ದೆಯಾಗಿ ಸಾಲಾಗಿ ಬೀಳುತ್ತದೆ. ನಟ್ಟನಡುವೆ ಒಂದು ಗೆರೆಯಷ್ಟು ಹುಲ್ಲು ಹಾಗೇ ಉಳಿಯುತ್ತದೆ. ಹೊಸ ಬ್ಲೇಡ್ ಹಾಕಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಸದ್ದು ಜಾಸ್ತಿ ಅಂತ ಎಂಜಿನ್ ಅರ್ಧ ಸ್ಪೀಡಿನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೂ ದೊಡ್ಡ ಎಂಜಿನ್ ಇರುವ ಗಾಡಿ ತೆಗೆದುಕೊಳ್ಳಬೇಕಾ?

ಉತ್ತರ: ಬೇಡ. ನಿಮ್ಮ ಗಾಡಿಯ ಎಂಜಿನ್ ಸಾಕು. ಅದನ್ನು ಪೂರ್ತಿ ಸ್ಪೀಡಿನಲ್ಲಿ ಓಡಲು ಬಿಡಿ.

ಮೊವರ್ ಬ್ಲೇಡಿಗೆ ಎರಡು ಕೆಲಸ ಇದೆ. ಒಂದು ಕತ್ತರಿಸುವುದು, ಇನ್ನೊಂದು ಗಾಳಿ ಎಬ್ಬಿಸುವುದು. ಬ್ಲೇಡಿನ ಎರಡೂ ತುದಿಗಳಲ್ಲಿ, ಚೂಪಾದ ಅಂಚಿನ ಹಿಂಬದಿಯಲ್ಲಿ, ಮೇಲಕ್ಕೆ ಬಾಗಿದ ರೆಕ್ಕೆ ಇರುತ್ತದೆ, ನೋಡಿರುತ್ತೀರಿ. ಬ್ಲೇಡ್ ತಿರುಗಿದಾಗ ಆ ರೆಕ್ಕೆ ಕೆಳಗಿನಿಂದ ಗಾಳಿ ಎಳೆಯುತ್ತದೆ. ಮಲಗಿದ ಹುಲ್ಲು ಎದ್ದು ನಿಲ್ಲುವುದು, ಕತ್ತರಿಸಿದ ಚೂರು ಡೆಕ್ಕಿನ ಬದಿಯ ಬಾಯಿಯಿಂದ ಹೊರಗೆ ಹಾರುವುದು, ಎರಡೂ ಆ ಗಾಳಿಯಿಂದಲೇ. ಗಾಳಿ ಸೊರಗಿದರೆ ಎರಡೂ ಕೆಡುತ್ತವೆ. ನನ್ನ ಹತ್ತಿರ ರಿಪೇರಿಗೆ ಬರುವ ಎಷ್ಟೋ ಗಾಡಿಗಳಲ್ಲಿ ಬ್ಲೇಡಿನ ಅಂಚು ಚೆನ್ನಾಗಿಯೇ ಇರುತ್ತದೆ. ಡೆಕ್ಕಿನೊಳಗೆ ಗಾಳಿ ಆಡುವ ದಾರಿ ಕೆಟ್ಟಿರುತ್ತದೆ. ಆದರೂ ಜನ ಮೊದಲು ಕೊಳ್ಳುವುದು ಬ್ಲೇಡನ್ನೇ.

ಎಂಜಿನ್ ಸ್ಪೀಡ್ ಅರ್ಧವಾದರೆ ಬ್ಲೇಡಿನ ಸ್ಪೀಡೂ ಅರ್ಧ. ಆದರೆ ಗಾಳಿಯ ಒತ್ತಡ ಅರ್ಧಕ್ಕೆ ನಿಲ್ಲುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ತಿರುಗುವ ಯಾವ ಫ್ಯಾನಿನ ಲೆಕ್ಕವೂ ಇದೇ. ಮುಕ್ಕಾಲು ಸ್ಪೀಡಿನಲ್ಲಿ ಓಡಿಸಿದರೂ ಒತ್ತಡ ಸುಮಾರು 56 ಶೇಕಡಾ ಮಾತ್ರ ಉಳಿಯುತ್ತದೆ. ಅದಕ್ಕೇ ಹುಲ್ಲು ಕತ್ತರಿಸುವಾಗ ಥ್ರಾಟಲ್ ಪೂರ್ತಿ ಮುಂದೆ ಇರಬೇಕು. ಎಂಜಿನ್ನಿಗೆ ಇದರಿಂದ ತೊಂದರೆ ಇಲ್ಲ. ಅದರ ತಂಪುಗಾಳಿಯ ಫ್ಯಾನ್ ಕೂಡ ಆ ಸ್ಪೀಡಿನಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಸದ್ದಿಗೆ ಕಿವಿಗೆ ಮಫ್ ಹಾಕಿಕೊಳ್ಳಿ. ನಿಧಾನ ಮಾಡಬೇಕಾದದ್ದು ಗಾಡಿಯ ಓಟವನ್ನು. ಹುಲ್ಲು ದಟ್ಟವಾಗಿದ್ದರೆ ನಡೆದುಕೊಂಡು ಹೋಗುವ ವೇಗ ಸಾಕು.

ಇಷ್ಟರಿಂದಲೇ ಅರ್ಧ ತೊಂದರೆ ಹೋಗಬಹುದು. ಹೋಗದಿದ್ದರೆ ಡೆಕ್ಕಿನ ಅಡಿ ನೋಡಬೇಕು. ಅದಕ್ಕೂ ಮೊದಲು ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಎಳೆದಿಡಿ. ಕೈಗೆ ದಪ್ಪ ಗ್ಲೌಸ್ ಇರಲಿ. ಬರೀ ಜಾಕ್ ನಂಬಿ ಗಾಡಿಯಡಿಗೆ ಕೈ ಹಾಕಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಡೆಕ್ಕಿನ ಒಳಮೈಗೆ ಹಳೆ ಹುಲ್ಲು ಮೆತ್ತಿಕೊಂಡು ಒಣಗಿ ಗಟ್ಟಿಯಾಗಿರುತ್ತದೆ. ಗಾಳಿ ಸುತ್ತುವ ಜಾಗವನ್ನು ಅದೇ ನುಂಗಿಬಿಡುತ್ತದೆ. ಅಗಲವಾದ ಪಟ್ಟಿಯಿಂದ ಕೆರೆದು ತೆಗೆಯಿರಿ. ಮೂಲೆಗಳು, ಹುಲ್ಲು ಹೊರಹೋಗುವ ಬಾಯಿಯ ಹಿಂದಿನ ತಿರುವು, ಇವನ್ನು ಬಿಡಬೇಡಿ, ಮುದ್ದೆ ಕಟ್ಟಲು ಶುರುವಾಗುವುದೇ ಅಲ್ಲಿ. ನೀರು ಬಿಟ್ಟು ತೊಳೆಯುವುದಾದರೆ ಸಾಧಾರಣ ಪೈಪ್ ಸಾಕು. ಪ್ರೆಶರ್ ವಾಷರ್ ಅನ್ನು ಸ್ಪಿಂಡಲ್ (ಬ್ಲೇಡನ್ನು ತಿರುಗಿಸುವ ಅಚ್ಚು) ಕಡೆಗೆ ಹಿಡಿದರೆ ನೀರು ಬೇರಿಂಗಿನ ಒಳಗೆ ಹೋಗುತ್ತದೆ.

ಈಗ ಆ ನಡುಗೆರೆ. ಎರಡು ಬ್ಲೇಡಿನ ಡೆಕ್ಕಿನಲ್ಲಿ ಒಂದು ಬ್ಲೇಡ್ ಬಿಟ್ಟ ಜಾಗವನ್ನು ಇನ್ನೊಂದು ಸ್ವಲ್ಪ ಆವರಿಸಬೇಕು. ಆ ಹೆಚ್ಚುವರಿ ಅಗಲ ತುಂಬ ಕಡಿಮೆ. ಅಳತೆ ತಪ್ಪಿದ ಬ್ಲೇಡ್ ಹಾಕಿದರೆ, ತುದಿ ಸವೆದರೆ, ಗೆರೆ ಬಂದೇ ಬರುತ್ತದೆ. ನೀವು ಹಾಕಿದ ಹೊಸ ಬ್ಲೇಡಿನ ಉದ್ದವನ್ನು ಮಾಲೀಕರ ಕೈಪಿಡಿಯಲ್ಲಿ ಬರೆದದ್ದರ ಜೊತೆ ಹೋಲಿಸಿ. ಜೊತೆಗೆ ರೆಕ್ಕೆ ಮೇಲ್ಮುಖವಾಗಿ, ಡೆಕ್ಕಿನ ಕಡೆಗೆ ಇದೆಯಾ ನೋಡಿ. ಬ್ಲೇಡ್ ತಲೆಕೆಳಗಾಗಿ ಕೂತಿದ್ದರೆ ಗಾಳಿ ಮೇಲೆ ಬರುವ ಬದಲು ಹುಲ್ಲನ್ನು ನೆಲಕ್ಕೆ ಒತ್ತುತ್ತದೆ. ಹೊಸ ಬ್ಲೇಡ್ ಹಾಕಿಯೂ ಬದಲಾವಣೆ ಇಲ್ಲ ಅಂದರೆ ನಾನು ಮೊದಲು ನೋಡುವುದು ಇದನ್ನೇ.

ಬ್ಲೇಡಿಗೆ ತಿರುಗುವ ಬಲ ತಲುಪದಿದ್ದರೂ ಹೀಗೇ ಆಗುತ್ತದೆ. ಬೆಲ್ಟಿನ ಬದಿ ಹೊಳಪಾಗಿ ನುಣುಪಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅದು ಪುಲ್ಲಿಯ ಮೇಲೆ ಜಾರುತ್ತಿರುತ್ತದೆ. ಬರಿ ನೆಲದ ಮೇಲೆ ಸದ್ದು ಸರಿ ಇರುತ್ತದೆ, ದಟ್ಟ ಹುಲ್ಲಿಗೆ ಬಂದ ತಕ್ಷಣ ಬ್ಲೇಡ್ ಸೋಲುತ್ತದೆ. ಬೆಲ್ಟ್ ಬಿಗಿ ಹಿಡಿಯುವ ಸ್ಪ್ರಿಂಗ್ ಸಡಿಲಾಗಿದೆಯಾ ಅಂತಲೂ ನೋಡಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ, ಮೇಲೆ ಕೆಳಗೆ ಅಲ್ಲಾಡಿದರೆ, ಬೇರಿಂಗ್ ಹೋಗಿದೆ ಅಂತ ಅರ್ಥ.

ಕೊನೆಗೆ ಮಟ್ಟ. ಮೊದಲು ನಾಲ್ಕೂ ಟೈರಿಗೆ ಕೈಪಿಡಿಯಲ್ಲಿ ಹೇಳಿದಷ್ಟೇ ಗಾಳಿ ತುಂಬಿಸಿ. ಒಂದು ಟೈರ್ ಇಳಿದಿದ್ದರೂ ಡೆಕ್ ಓರೆ, ಆಮೇಲೆ ಅಳೆದು ಪ್ರಯೋಜನವಿಲ್ಲ. ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಡೆಕ್ಕಿನ ತಗಡಿನಿಂದ ಅಳೆಯಬೇಡಿ, ಬ್ಲೇಡಿನ ತುದಿಯಿಂದ ನೆಲದವರೆಗೆ ಅಳೆಯಿರಿ. ಎಡಕ್ಕೂ ಬಲಕ್ಕೂ 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಮುಂದಿನ ತುದಿ ಹಿಂದಿನದಕ್ಕಿಂತ 3ರಿಂದ 6 ಮಿಲಿಮೀಟರ್ ಕೆಳಗಿರಬೇಕು. ಹಿಂಭಾಗವೇ ಕೆಳಗಿದ್ದರೆ ಕತ್ತರಿಸಿದ ಹುಲ್ಲಿನ ಮೇಲೆ ಬ್ಲೇಡ್ ಮತ್ತೆ ಉಜ್ಜುತ್ತಾ ಹೋಗುತ್ತದೆ. ಎಂಜಿನ್ನಿನ ಬಲ ಸುಮ್ನೆ ಹಾಳು, ಹೊರಹಾರುವ ಹುಲ್ಲೂ ಕಡಿಮೆ. ನಿಮ್ಮ ಮಾದರಿಗೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ.

ಇಷ್ಟೆಲ್ಲಾ ಮಾಡಿದ ಮೇಲೂ ಒದ್ದೆ ಹುಲ್ಲನ್ನು ಕತ್ತರಿಸಿದರೆ ಮುದ್ದೆ ಬಂದೇ ಬರುತ್ತದೆ. ಇಬ್ಬನಿ ಆರಲಿ. ಹುಲ್ಲಿನ ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ತೆಗೆಯಬೇಡಿ. ಬೆಳೆದು ನಿಂತಿದ್ದರೆ ಮೊದಲು ಎತ್ತರಕ್ಕೆ ಒಂದು ಸುತ್ತು, ಒಂದೆರಡು ದಿನ ಬಿಟ್ಟು ತಗ್ಗಿಸಿ ಇನ್ನೊಂದು ಸುತ್ತು.

ಓಡಿಸುವ ದಿಕ್ಕೂ ಮುಖ್ಯ. ಅಂಚಿನ ಒಂದೆರಡು ಸುತ್ತು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೋಗಿ, ಹುಲ್ಲು ಒಳಕ್ಕೆ ಬೀಳುತ್ತದೆ, ಬೇಲಿಗೂ ಹೂವಿನ ಪಾತಿಗೂ ಹಾರುವುದಿಲ್ಲ. ಆಮೇಲೆ ದಿಕ್ಕು ತಿರುಗಿಸಿ. ಆಗ ನಿಮ್ಮ ಬಲಗಡೆ ಕತ್ತರಿಸಿದ ಜಾಗ ಇರುತ್ತದೆ, ಹುಲ್ಲು ಅಲ್ಲಿ ಹರಡುತ್ತದೆ. ಹಾರಿದ ಹುಲ್ಲನ್ನೇ ಮತ್ತೆ ಮತ್ತೆ ಅರೆಯುವ ಕೆಲಸ ಡೆಕ್ಕಿಗೆ ತಪ್ಪುತ್ತದೆ.

ಪ್ರಶ್ನೆ: ಕತ್ತರಿಸಿದ ಮರುದಿನ ಲಾನ್ ಎಲ್ಲಾ ಕಂದು ಛಾಯೆ ಬರುತ್ತದೆ. ನೀರು ಕಡಿಮೆಯಾಯಿತಾ?

ಉತ್ತರ: ಬಗ್ಗಿ ಒಂದು ಎಲೆಯ ತುದಿ ನೋಡಿ. ನೇರವಾಗಿ ಕತ್ತರಿಸಿದಂತಿದ್ದರೆ ನೀರಿನ ವಿಚಾರ ಯೋಚಿಸಬಹುದು. ತುದಿ ನಾರುನಾರಾಗಿ ಹರಿದಿದ್ದರೆ ಬ್ಲೇಡ್ ಮೊಂಡಾಗಿದೆ. ಈ ಬ್ಲೇಡಿಗೆ ಎದುರು ಇನ್ನೊಂದು ಅಲಗು ಇಲ್ಲ, ಹೊಡೆತದಿಂದಲೇ ಕತ್ತರಿಸುತ್ತದೆ. ಅಂಚು ಮೊಂಡಾದರೆ ಎಲೆ ಹರಿಯುತ್ತದೆ, ಹರಿದ ತುದಿ ಒಣಗಿ ಕಂದಾಗುತ್ತದೆ.

ಬ್ಲೇಡ್ ಬಿಚ್ಚಿ ಅರದಿಂದ ಉಜ್ಜಿ. ಮೊದಲಿದ್ದ ಇಳಿಜಾರನ್ನೇ ಉಳಿಸಿಕೊಳ್ಳಿ, ಸಾಮಾನ್ಯವಾಗಿ ಅದು 30 ಡಿಗ್ರಿ ಆಸುಪಾಸು. ಗ್ರೈಂಡರ್ ಹಿಡಿದರೆ ಲೋಹ ನೀಲಿಯಾಗುವಷ್ಟು ಬಿಸಿ ಮಾಡಬೇಡಿ, ಗಟ್ಟಿತನ ಹೋಗುತ್ತದೆ. ಕೈ ಕೊಯ್ಯುವಷ್ಟು ಚೂಪು ಬೇಡ, ತೆಳುವಾದ ಅಂಚು ಬೇಗ ಮುಕ್ಕಾಗುತ್ತದೆ. ಆಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಅಡ್ಡಡ್ಡ ನಿಲ್ಲಿಸಿ. ಒಂದು ತುದಿ ಕೆಳಗಿಳಿದರೆ ಆ ಕಡೆಯೇ ಇನ್ನೂ ಸ್ವಲ್ಪ ಉಜ್ಜಬೇಕು. ತೂಕ ಸಮ ಇಲ್ಲದ ಬ್ಲೇಡ್ ನಡುಗುತ್ತದೆ, ಬೇರಿಂಗನ್ನು ತಿನ್ನುತ್ತದೆ. ಬ್ಲೇಡ್ ಬಾಗಿದ್ದರೆ, ರೆಕ್ಕೆಯ ಬುಡ ಸವೆದು ತೆಳುವಾಗಿದ್ದರೆ, ಬಿರುಕಿದ್ದರೆ ಸಾಣೆ ಹಿಡಿಯಲು ಹೋಗಬೇಡಿ. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡುವುದೂ ಬೇಡ. ಹೊಸದು ಹಾಕಿ.

ಪ್ರಶ್ನೆ: ಹುಲ್ಲು ಹೊರಬೀಳುವ ಬಾಯಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇದೆ. ಅದನ್ನು ಮೇಲೆತ್ತಿ ಕಟ್ಟಿದರೆ ಹುಲ್ಲು ದೂರ ಹಾರುತ್ತದೆ ಅಂತ ಸ್ನೇಹಿತರು ಹೇಳಿದರು. ಮಾಡಬಹುದಾ?

ಉತ್ತರ: ದಯವಿಟ್ಟು ಮಾಡಬೇಡಿ. ಲೆಕ್ಕ ಹಾಕಿ ನೋಡಿ. 21 ಇಂಚಿನ ಬ್ಲೇಡ್ ನಿಮಿಷಕ್ಕೆ 3,300 ಸುತ್ತು ತಿರುಗಿದರೆ ಅದರ ತುದಿ ನಿಮಿಷಕ್ಕೆ ಸುಮಾರು 18,000 ಅಡಿ ಓಡುತ್ತದೆ. ಅಂದರೆ ಗಂಟೆಗೆ 330 ಕಿಲೋಮೀಟರ್ ಹತ್ತಿರ. ಅಮೆರಿಕದ ಸುರಕ್ಷತಾ ಮಾನದಂಡ ಈ ವೇಗಕ್ಕೆ 19,000 ಅಡಿಯ ಮಿತಿ ಹಾಕಿರುವುದು ಸುಮ್ನೆ ಅಲ್ಲ. ಆ ತುದಿಗೆ ಒಂದು ಕಲ್ಲು ಸಿಕ್ಕಿದರೆ ಅದನ್ನು ನೆಲದ ಕಡೆಗೆ ತಿರುಗಿಸಲು ಇರುವುದು ಆ ಮುಚ್ಚಳ ಒಂದೇ. ಬಲಗಡೆ ಮಗು ಆಡುತ್ತಿರಬಹುದು, ಅಲ್ವಾ? ಮುಚ್ಚಳ ಒಡೆದಿದ್ದರೆ ಹೊಸದು ಬರುವವರೆಗೆ ಗಾಡಿ ತೆಗೆಯಲೇಬೇಡಿ. ಹುಲ್ಲು ದೂರ ಹಾರಬೇಕು ಅಂದರೆ ನಿಮ್ಮ ಮಾದರಿಗೆ ಒಪ್ಪುವ, ರೆಕ್ಕೆ ಎತ್ತರ ಇರುವ ಬ್ಲೇಡ್ ಸಿಗುತ್ತದಾ ಕೇಳಿ. ನೆಲ ಮರಳಾಗಿದ್ದರೆ ಅದೂ ಬೇಡ. ಎತ್ತರದ ರೆಕ್ಕೆ ಮರಳನ್ನೂ ಎಳೆದುಕೊಂಡು ತಾನೇ ಬೇಗ ಸವೆಯುತ್ತದೆ.

ಪ್ರಶ್ನೆ: ಮಲ್ಚಿಂಗ್ ಬ್ಲೇಡ್ ಹಾಕಿದರೆ ಹುಲ್ಲು ಗುಡಿಸುವ ಕೆಲಸ ತಪ್ಪುತ್ತದಾ?

ಉತ್ತರ: ವಾರಕ್ಕೊಮ್ಮೆ ತಪ್ಪದೆ ಕತ್ತರಿಸುವವರಾದರೆ ತಪ್ಪುತ್ತದೆ. ಈ ಬ್ಲೇಡ್ ಹುಲ್ಲನ್ನು ಬಾಯಿ ಮುಚ್ಚಿದ ಡೆಕ್ಕಿನೊಳಗೇ ಸುತ್ತಿಸಿ ಮತ್ತೆ ಮತ್ತೆ ಕತ್ತರಿಸುತ್ತದೆ. ಚೂರು ಸಣ್ಣದಾಗಿ ಬುಡಕ್ಕೆ ಇಳಿದು ಕೊಳೆಯುತ್ತದೆ, ಸಾರಜನಕ ಮಣ್ಣಿಗೇ ಮರಳುತ್ತದೆ. ಎತ್ತರದ ಅಥವಾ ಒದ್ದೆ ಹುಲ್ಲಿಗೆ ಮಾತ್ರ ಇದು ಒಗ್ಗುವುದಿಲ್ಲ. ಬಾಯಿ ಮುಚ್ಚಿದ ಡೆಕ್ಕಿನೊಳಗೆ ಅಷ್ಟು ಹುಲ್ಲು ಸುತ್ತಲು ಜಾಗ ಇರುವುದಿಲ್ಲ. ಅಂಥ ದಿನ ಬಾಯಿಯ ಪ್ಲಗ್ ತೆಗೆದು, ಮುಚ್ಚಳ ಇಳಿಬಿಟ್ಟು, ಮಾಮೂಲಿ ಬ್ಲೇಡ್ ಹಾಕಿ ಓಡಿಸಿ.