ನೀರು ಕುಡಿಯುವುದನ್ನೇ ಬಿಟ್ಟವರು

ನಾನು ಆಪ್ತಸಲಹೆಗಾರ್ತಿ. ಪೆಟ್ಟಾಗಿ ಮಂಚ ಹಿಡಿದು ಮಂಕಾದವರ ಪ್ರಕರಣ ಒಂದೆರಡು ಪ್ರತಿ ಮಳೆಗಾಲದಲ್ಲೂ ನನ್ನ ಹತ್ತಿರ ಬರುತ್ತವೆ. ಇದನ್ನೇ ಬರೆಯುತ್ತಿರುವುದು ಯಾಕೆಂದರೆ, ಇದರಲ್ಲಿ ಮೊದಲು ಎಡವಿದ್ದು ನಾನೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಸಾಗರದ ಕಡೆಯ ಕೊನೆಗಾರರು, ಅಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡುವವರು. ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯುವಾಗ ಅಡಿಕೆ ಮರದಿಂದ ಜಾರಿ, ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ರಾಡ್ ಹಾಕಿದರು. 6 ವಾರ ಕಾಲೂರುವಂತಿಲ್ಲ, ಮೂಳೆ ಪೂರ್ತಿ ಕೂಡಲು 4ರಿಂದ 6 ತಿಂಗಳು ಬೇಕು ಎಂದರು ವೈದ್ಯರು. ಮೂರನೇ ವಾರ ಹೆಂಡತಿ ನನಗೆ ಫೋನ್ ಮಾಡಿದರು. "ಮಾತೇ ಆಡಲ್ಲ ಮೇಡಂ. ಗೋಡೆ ಕಡೆ ತಿರುಗಿ ಮಲಗಿರ್ತಾರೆ."

ಫೋನಿನಲ್ಲೇ ಸಲಹೆ ಕೊಟ್ಟೆ. ರೇಡಿಯೋ ಹಾಕಿ, ಸ್ನೇಹಿತರನ್ನು ಕರೆಸಿ, ಬೇಜಾರಾಗದಂತೆ ನೋಡಿಕೊಳ್ಳಿ. ಎಲ್ಲರೂ ಹೇಳುವ ಮಾತೇ ಅಲ್ವಾ. ಬಂದವರೆಲ್ಲ ಕಾಲುಸೂಪಿನ ಮಹಿಮೆ, ಪುತ್ತೂರು ಕಟ್ಟಿನ ಕಥೆ ಹೇಳಿ ಟೀ ಕುಡಿದು ಹೋದರಂತೆ. ಅವರು ಮಾತ್ರ ಗೋಡೆ ಬಿಟ್ಟು ಈಚೆ ತಿರುಗಲಿಲ್ಲ.

ಮುಂದಿನ ವಾರ ಮನೆಗೇ ಹೋದೆ. ನಡುಮನೆಯಲ್ಲಿ ಮಂಚ. ಪಕ್ಕದ ಸ್ಟೂಲಿನ ಮೇಲೆ ತುಂಬಿದ ಚೊಂಬು, ಅದರ ಮೇಲೆ ಬೋರಲು ಹಾಕಿದ ಲೋಟ. ಅರ್ಧ ಗಂಟೆ "ಹೂಂ", "ಇಲ್ಲ" ಬಿಟ್ಟರೆ ಬೇರೆ ಮಾತಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದರು. (ಹೌದೆಂದಿದ್ದರೆ ದಾರಿಯೇ ಬೇರೆ. ಅಂಥ ಹೊತ್ತಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.) ಏಳುವ ಮೊದಲು ಚೊಂಬು ನೋಡಿ ಸುಮ್ನೆ ಕೇಳಿದೆ, "ನೀರು ಕುಡಿಯಲ್ವಾ?"

"ಕುಡಿದ್ರೆ ಹೋಗಬೇಕಲ್ಲ ಮೇಡಂ."

ಪಾಯಿಖಾನೆ ಹಿತ್ತಲಿನಲ್ಲಿ. ದಾರಿಯುದ್ದಕ್ಕೂ ಪಾಚಿ, ಊರುಗೋಲು ನಿಲ್ಲುವುದಿಲ್ಲ. ತೋಳು ಹಿಡಿಯಲು ಹೆಂಡತಿ, ಕೊಡೆ ಹಿಡಿಯಲು ಪಿಯುಸಿ ಓದುವ ಮಗಳು. ಹೋದರೂ ಕುಕ್ಕರುಗಾಲಲ್ಲಿ ಕೂರಲಾಗದು. "ರಾತ್ರಿ ಮಗಳನ್ನ ಎಬ್ಬಿಸಬೇಕು. ಅವಳು ಏನೂ ಅನ್ನಲ್ಲ. ಅದೇ ಕಷ್ಟ." ಬೆಳಗ್ಗೆಯಿಂದ ಅವರು ಕುಡಿದದ್ದು ಅರ್ಧ ಲೋಟ.

ಮೂರು ವಾರದಿಂದ ಅವರನ್ನು ತಿನ್ನುತ್ತಿದ್ದದ್ದು ಹಂಗು. ನಾನು ರೇಡಿಯೋ ಹಾಕಿಸಿದ್ದೆ.

ಅವತ್ತು ಹೇಳಿದೆ: ಬಾಡಿಗೆಗೆ ಕಮೋಡ್ ಕುರ್ಚಿ ತನ್ನಿ, ಸುತ್ತ ಹಳೇ ಸೀರೆಯ ಪರದೆ ಕಟ್ಟಿ. ರಾತ್ರಿಗೆ ಮೂತ್ರದ ಬಾಟಲಿ ಕೈಗೆ ಸಿಗುವಲ್ಲಿರಲಿ. ಸ್ನಾನ, ಊಟ ಎಲ್ಲಕ್ಕೂ ಹೊತ್ತು ಗೊತ್ತುಮಾಡಿ, ಅವರು ಬಾಯಿಬಿಟ್ಟು ಕೇಳುವ ಮೊದಲೇ ಆಗಿರಲಿ. "ನೀವು ಆಪ್ತಸಲಹೆಗಾರ್ತಿಯೋ, ಮೆಡಿಕಲ್ ಶಾಪಿನವರೋ?" ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ನೀರು ಬಿಟ್ಟವರಿಗೆ ಮಲ ಕಟ್ಟುತ್ತದೆ, ಮೂತ್ರದ ಸೋಂಕಾಗುತ್ತದೆ. ಅಂಥವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಏನು ಮಾಡಲಿ? ದಿನಕ್ಕೆ ಹತ್ತು ಸಲ ಇನ್ನೊಬ್ಬರ ಮುಖ ನೋಡಬೇಕಾದವರಿಗೆ ಧೈರ್ಯದ ಮಾತು ಹತ್ತುವುದಿಲ್ಲ. ಮೊದಲು ಆ ಹತ್ತನ್ನು ನಾಲ್ಕಕ್ಕೆ ಇಳಿಸಬೇಕು.

ಇನ್ನೊಂದು, ಏನಾದರೂ ಕೆಲಸ ಕೊಡಿ ಅಂದೆ. ಹೆಂಡತಿಗೆ ಸಿಟ್ಟು ಬಂತು. "ಪೆಟ್ಟಾದವರ ಕೈಲಿ ದುಡಿಸೋದಾ?" ಮುರಿದಿರೋದು ಕಾಲು, ಕೈಯಲ್ಲ ಎಂದೆ, ಸ್ವಲ್ಪ ಜಾಸ್ತಿಯೇ ಜೋರಾಗಿ. ವೈದ್ಯರನ್ನು ಕೇಳಿದೆವು. ಕಾಲು ಎತ್ತರದಲ್ಲಿಟ್ಟು ಕೂರಬಹುದು, ಮೀನಖಂಡ ಊದಿ ನೋವು ಬಂದರೆ ಮಾತ್ರ ಒಂದು ದಿನವೂ ತಡಮಾಡದೆ ಬನ್ನಿ ಎಂದರು. ತೋಟದ ಯಜಮಾನರು ಆರಿಸಲು ಅರ್ಧ ಚೀಲ ಚಾಲಿ (ಒಣಗಿಸಿ ಸುಲಿದ) ಅಡಿಕೆ ಕಳಿಸಿದರು. ಮಂಚ ಜಗಲಿಗೆ ಬಂತು.

ಎರಡು ವಾರದ ಮೇಲೆ ಹೆಂಡತಿಯ ಫೋನ್. ಚೊಂಬನ್ನು ದಿನಕ್ಕೆ ಎರಡು ಮೂರು ಸಲ ತುಂಬಬೇಕಂತೆ. ಜೊತೆಗೊಂದು ದೂರು. ತೋಟದ ಯಜಮಾನರು ನೋಡಿಕೊಂಡು ಹೋಗಲು ಬಂದಾಗ ಗಂಡ ಬನ್ನಿ ಕೂತ್ಕೊಳ್ಳಿ ಅನ್ನುವ ಮೊದಲೇ, ಆರಿಸಿದ್ದಕ್ಕೆ ಕೂಲಿ ಎಷ್ಟು ಎಂದರಂತೆ.

"ನನಗೆ ನಾಚಿಕೆ ಆಗೋಯ್ತು ಮೇಡಂ."

"ಕೊಟ್ಟರಾ?"

"ಹೂಂ, ಕೊಟ್ರು."