ಓದುಗರ ಪ್ರಶ್ನೆ: ಸಂಬಳವಿಲ್ಲದೆ ಕಲಿಸುವವರ ಕ್ಲಬ್ಬಿನಲ್ಲಿ ಮಗಳನ್ನು ಬಿಡಬಹುದೇ?

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ವಾರಕ್ಕೆ ಎರಡು ಸಂಜೆ ಅಥ್ಲೆಟಿಕ್ಸ್ ಕ್ಲಬ್ಬಿಗೆ ಹೋಗುತ್ತಾಳೆ. ಅಲ್ಲಿ ಕಲಿಸುವವರು ಶಿಕ್ಷಕಿಯರು, ಕಚೇರಿ ನೌಕರರು, ನಿವೃತ್ತರು. ಯಾರಿಗೂ ಸಂಬಳವಿಲ್ಲ. ಮಗಳು ಓಟದಲ್ಲಿ ಚುರುಕು. ಆದರೂ ಅವರು ಗುಂಡು ಎಸೆತ, ಎತ್ತರ ಜಿಗಿತ ಎಲ್ಲವನ್ನೂ ಮಾಡಿಸುತ್ತಾರೆ. ಓಟಕ್ಕೆಂದೇ ಇರುವ, ಶುಲ್ಕ ಪಡೆಯುವ ಅಕಾಡೆಮಿಗೆ ಸೇರಿಸುವುದು ಒಳ್ಳೆಯದಲ್ಲವೇ?

ಉತ್ತರ: ಸದ್ಯಕ್ಕೆ ಬದಲಿಸಬೇಡಿ. ಮಕ್ಕಳ ಕ್ರೀಡಾಕೂಟಗಳಲ್ಲಿ ವರ್ಷಗಳಿಂದ ಸಮಯಪಾಲಕಿಯಾಗಿ ನಿಂತು ನೋಡಿದವಳಾಗಿ ಇದನ್ನು ಹೇಳುತ್ತಿದ್ದೇನೆ. ನೀವು ಕೊರತೆ ಎಂದುಕೊಂಡಿರುವುದೇ ಆ ಕ್ಲಬ್ಬಿನ ಹೆಚ್ಚುಗಾರಿಕೆ.

ಹನ್ನೊಂದನೆಯ ವಯಸ್ಸಿನಲ್ಲಿ ಮೂಳೆಗಳ ತುದಿಯ ಬೆಳವಣಿಗೆಯ ಭಾಗ ಇನ್ನೂ ಮೃದುವಾಗಿರುತ್ತದೆ. ವರ್ಷವಿಡೀ ಒಂದೇ ಬಗೆಯ ಚಲನೆ ಮಾಡಿಸಿದರೆ ಪೆಟ್ಟು ಬೀಳುವುದು ಅಲ್ಲಿಗೇ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆಗಳ ಸಂಘಟಿತ ತರಬೇತಿ ಬೇಡ ಎಂಬುದು ಕ್ರೀಡಾ ವೈದ್ಯರು ಕೊಡುವ ಸಲಹೆ. ಓಡು, ಜಿಗಿ, ಎಸೆ ಎಂದು ಮೂರನ್ನೂ ಮಾಡಿಸುವ ಕ್ಲಬ್ ನಿಮ್ಮ ಮಗಳ ಸಮಯವನ್ನು ಹಾಳು ಮಾಡುತ್ತಿಲ್ಲ. 400 ಮೀಟರ್ ಹರ್ಡಲ್ಸ್‌ನಲ್ಲಿ 2021ರ ಟೋಕಿಯೊ ಒಲಿಂಪಿಕ್ಸ್ ಫೈನಲನ್ನು 45.94 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದ ನಾರ್ವೆಯ ಕಾರ್ಸ್ಟನ್ ವಾರ್‌ಹೋಮ್, 2013ರ ವಿಶ್ವ ಯುವ ಕೂಟದಲ್ಲಿ ಚಿನ್ನ ಗೆದ್ದದ್ದು ಎಂಟು ಸ್ಪರ್ಧೆಗಳ ಆಕ್ಟಾಥ್ಲಾನ್‌ನಲ್ಲಿ. ಗುಂಡು ಎಸೆತವೂ ಎತ್ತರ ಜಿಗಿತವೂ ಅದರಲ್ಲಿ ಸೇರಿವೆ. ಮಕ್ಕಳ ಕ್ರೀಡೆಯನ್ನು ಬಹುಪಾಲು ಸ್ವಯಂಸೇವಕರ ಕ್ಲಬ್ಬುಗಳೇ ನಡೆಸುವ ಅದೇ ನಾರ್ವೆಯಲ್ಲಿ, ಮಗುವಿಗೆ ಹನ್ನೊಂದು ತುಂಬುವ ವರ್ಷದವರೆಗೆ ಫಲಿತಾಂಶ ಪಟ್ಟಿ, ರ‍್ಯಾಂಕ್ ಪಟ್ಟಿಗಳಿಲ್ಲ. ಹದಿಮೂರು ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ.

ಸಂಬಳ ಪಡೆದು ಕಲಿಸುವವರಲ್ಲಿ ಅತ್ಯುತ್ತಮರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಶುಲ್ಕ ಕೊಟ್ಟ ಹೆತ್ತವರಿಗೆ ಬೇಗ ಪದಕ ತೋರಿಸಬೇಕಾದ ಒತ್ತಡವೂ ಅವರ ಮೇಲಿರುತ್ತದೆ. ಆ ಒತ್ತಡ ಕೊನೆಗೆ ಬಂದು ಕೂರುವುದು ಮಗುವಿನ ಮಂಡಿಯ ಮೇಲೆ. ಕೆಲಸ ಮುಗಿಸಿ ಮೈದಾನಕ್ಕೆ ಬರುವ ಶಿಕ್ಷಕಿಗೆ ಅಂಥ ಅವಸರವಿಲ್ಲ. ಮಗಳು ಹದಿನೈದು ದಾಟಿ, ತಾನಾಗಿಯೇ ಒಂದು ಸ್ಪರ್ಧೆಯನ್ನು ಆರಿಸಿಕೊಂಡಾಗ ವಿಶೇಷ ತರಬೇತುದಾರರನ್ನು ಹುಡುಕಿ. ಒಳ್ಳೆಯ ಕ್ಲಬ್ಬಾದರೆ ಅವರೇ ದಾರಿ ತೋರಿಸುತ್ತಾರೆ.

ಇಷ್ಟನ್ನು ಮಾತ್ರ ವಿಚಾರಿಸಿ: ಕಲಿಸುವವರು ತರಬೇತುದಾರರ ಪ್ರಾಥಮಿಕ ಕೋರ್ಸ್ ಮುಗಿಸಿದ್ದಾರೆಯೇ? ವಯಸ್ಸಿಗೆ ತಕ್ಕ ತೂಕದ ಗುಂಡು ಕೊಡುತ್ತಾರೆಯೇ? ಹಿರಿಯ ಮಹಿಳೆಯರ ಗುಂಡು 4 ಕೆ.ಜಿ., ಹದಿನೆಂಟರೊಳಗಿನ ಹುಡುಗಿಯರದ್ದು 3 ಕೆ.ಜಿ. ನಿಮ್ಮ ಮಗಳ ಕೈಯಲ್ಲಿ ಅದಕ್ಕಿಂತಲೂ ಹಗುರವಾದದ್ದು ಇರಬೇಕು.

ಪ್ರಶ್ನೆ: ಮಗನ ಕ್ಲಬ್ಬಿನವರು ಕ್ರೀಡಾಕೂಟದ ದಿನ ಸಹಾಯಕ್ಕೆ ಬನ್ನಿ ಎಂದು ಕರೆಯುತ್ತಾರೆ. ನಾನು ಬದುಕಿನಲ್ಲಿ ಎಂದೂ ಓಡಿದವನಲ್ಲ. ಹೋಗಿ ಏನು ಮಾಡಲಿ?

ಉತ್ತರ: ದಯವಿಟ್ಟು ಹೋಗಿ. ಉದ್ದ ಜಿಗಿತದ ಒಂದೇ ಒಂದು ಮರಳುಗುಂಡಿಗೆ ನಾಲ್ಕು ಜನ ಬೇಕು. ಕಾಲೂರಿ ಜಿಗಿಯುವ ಹಲಗೆಯ ಬಳಿ ಫೌಲ್ ನೋಡಲು ಒಬ್ಬರು, ಅಳತೆಗೆ ಒಬ್ಬರು, ಬರೆದುಕೊಳ್ಳಲು ಒಬ್ಬರು, ಮರಳು ಸಮ ಮಾಡಲು ಒಬ್ಬರು. ಈ ನಾಲ್ವರು ಸಿಗದೆ ಸ್ಪರ್ಧೆಯೇ ರದ್ದಾದದ್ದನ್ನು, ಬೂಟು ಕಟ್ಟಿಕೊಂಡು ಕಾಯುತ್ತಿದ್ದ ಮಕ್ಕಳು ಸಪ್ಪೆ ಮುಖ ಮಾಡಿಕೊಂಡು ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ. ತರಬೇತುದಾರರ ಕೊರತೆಗಿಂತ ಇಂಥವರ ಕೊರತೆಯೇ ಮಕ್ಕಳ ಅಥ್ಲೆಟಿಕ್ಸನ್ನು ಹೆಚ್ಚು ಕಾಡುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಲಿಯುವುದು ಕಷ್ಟವಲ್ಲ. ಟೇಪಿನ ಸೊನ್ನೆಯ ತುದಿ ಮರಳಿನಲ್ಲಿ ಮೂಡಿದ ಗುರುತಿನ ಮೇಲಿರಲಿ. ದೇಹದ ಯಾವ ಭಾಗದ ಗುರುತಾದರೂ ಸರಿ, ಹಲಗೆಗೆ ಅತಿ ಹತ್ತಿರವಾದದ್ದೇ ಲೆಕ್ಕಕ್ಕೆ. ಟೇಪನ್ನು ಜಿಗಿತದ ಗೆರೆಗೆ ನೇರ ಲಂಬವಾಗಿ ಎಳೆಯಬೇಕು, ಓರೆಯಾಗಬಾರದು. ಪೂರ್ಣ ಸೆಂಟಿಮೀಟರ್ ಆಗದ ಭಾಗವನ್ನು ಬಿಟ್ಟುಬಿಡಬೇಕು.

ಸ್ಟಾಪ್‌ವಾಚ್ ಕೊಟ್ಟರೆ ಅಂತಿಮ ಗೆರೆಯ ನೇರಕ್ಕೆ ನಿಲ್ಲಿ. ಪಿಸ್ತೂಲಿನ ಸದ್ದಿಗೆ ಕಾಯಬೇಡಿ, ಅದರ ಹೊಗೆಯನ್ನೋ ಮಿಂಚನ್ನೋ ಕಂಡೊಡನೆ ಒತ್ತಿ. ಸದ್ದು ನೂರು ಮೀಟರ್ ದಾಟಿ ಬರಲು ಸುಮಾರು 0.3 ಸೆಕೆಂಡು ಬೇಕು. ಸದ್ದು ಕೇಳಿ ಒತ್ತಿದರೆ ಮಗುವಿಗೆ ಸಲ್ಲದ ವೇಗವನ್ನು ನೀವು ದಾನ ಮಾಡಿದಂತೆ. ಮುಂದಿನ ಸ್ಪರ್ಧೆಯಲ್ಲಿ ನಿಜವಾದ ಸಮಯ ಬಂದಾಗ, ತಾನು ಹಿಂದೆ ಬಿದ್ದೆನೆಂದು ಅದು ಅಳುತ್ತದೆ. ಓಟ ಮುಗಿಯುವುದು ಎದೆಭಾಗ ಗೆರೆ ಮುಟ್ಟಿದಾಗ. ತಲೆ, ಕೈಗಳು ಲೆಕ್ಕಕ್ಕಿಲ್ಲ. ಸ್ಟಾಪ್‌ವಾಚಿನಲ್ಲಿ 14.21 ಬಂದರೆ, ಮುಂದಿನ ಹತ್ತನೇ ಒಂದು ಸೆಕೆಂಡಿಗೆ ಏರಿಸಿ 14.3 ಎಂದು ಬರೆಯಬೇಕು. ಮೂರು ಗಡಿಯಾರಗಳು ಮೂರು ಸಮಯ ತೋರಿಸಿದರೆ ನಡುವಿನದ್ದೇ ಅಧಿಕೃತ.

ಮೊದಲೇ ಹೇಳಿ, ನಿಮ್ಮ ಮಗನ ಸ್ಪರ್ಧೆಗೆ ನಿಮ್ಮನ್ನು ಹಾಕದಿರಲಿ. ಕೊನೆಯ ಸ್ಥಾನದಲ್ಲಿ ಬಂದ ಮಗುವಿನ ಸಮಯವನ್ನೂ ಅಷ್ಟೇ ಎಚ್ಚರದಿಂದ ತೆಗೆಯಿರಿ. ಹೋದ ತಿಂಗಳಿಗಿಂತ ಅರ್ಧ ಸೆಕೆಂಡು ಕಡಿಮೆಯಾಯಿತೆಂದು ಕುಣಿಯುವವರು ಹೆಚ್ಚಾಗಿ ಪದಕ ಸಿಗದ ಮಕ್ಕಳೇ.

ಪ್ರಶ್ನೆ: ನಮ್ಮ ಕ್ಲಬ್ಬನ್ನು ವರ್ಷಗಳಿಂದ ಒಬ್ಬರೇ ನಡೆಸುತ್ತಿದ್ದಾರೆ. ಒಳ್ಳೆಯವರೇ. ಆದರೆ ಲೆಕ್ಕಪತ್ರ ತೋರಿಸುವುದಿಲ್ಲ, ಕೆಲವು ಮಕ್ಕಳನ್ನು ಒಬ್ಬೊಬ್ಬರಾಗಿ ಕಾರಿನಲ್ಲಿ ಸ್ಪರ್ಧೆಗೆ ಕರೆದೊಯ್ಯುತ್ತಾರೆ. ಕೇಳಿದರೆ ‘ನಾನು ಸೇವೆ ಮಾಡುತ್ತಿದ್ದೇನೆ, ಅನುಮಾನವೇ?’ ಎಂದು ನೊಂದುಕೊಳ್ಳುತ್ತಾರೆ. ಕೇಳಿದ್ದು ತಪ್ಪಾಯಿತೇ?

ಉತ್ತರ: ತಪ್ಪಿಲ್ಲ. ಸೇವೆ ಮಾಡುವವರಿಗೆ ಕೃತಜ್ಞತೆ ಸಲ್ಲಬೇಕು, ನಿಯಮದಿಂದ ವಿನಾಯಿತಿ ಸಲ್ಲಬಾರದು. ಕಾರು, ಬಟ್ಟೆ ಬದಲಿಸುವ ಕೋಣೆ, ಮೊಬೈಲ್ ಸಂದೇಶ, ಯಾವುದರಲ್ಲಿಯೂ ಒಬ್ಬ ವಯಸ್ಕ ಒಂದು ಮಗುವಿನ ಜೊತೆ ಒಂಟಿಯಾಗಿರಬಾರದು ಎಂಬುದು ಮಕ್ಕಳ ಕ್ರೀಡೆಯಲ್ಲಿ ರಾಜಿಯಿಲ್ಲದ ನಿಯಮವಾಗಬೇಕು. ಅದು ಎಲ್ಲರಿಗೂ ಒಂದೇ ಆಗಿರುವಾಗ ಯಾರೊಬ್ಬರ ಮೇಲೂ ಅನುಮಾನಪಟ್ಟಂತಾಗುವುದಿಲ್ಲ. ಒಳ್ಳೆಯವರನ್ನು ಸುಳ್ಳು ಆರೋಪದಿಂದ ಕಾಯುವುದೂ ಅದೇ.

ನಾಲ್ಕೈದು ಮಂದಿ ಹೆತ್ತವರು ಸೇರಿ ಲಿಖಿತವಾಗಿ ಕೇಳಿ: ವಾರ್ಷಿಕ ಸಭೆ, ಪ್ರತ್ಯೇಕ ಖಜಾಂಚಿ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ದೂರು ಹೇಳಿಕೊಳ್ಳಲು ತರಬೇತುದಾರರಲ್ಲದ ಒಬ್ಬರು. ಕೇಳುವಾಗಲೇ ಈ ಕೆಲಸಗಳಲ್ಲಿ ಯಾವುದನ್ನು ಯಾರು ವಹಿಸಿಕೊಳ್ಳುತ್ತೀರಿ ಎಂಬುದನ್ನೂ ಬರೆದುಕೊಡಿ. ಎಲ್ಲವನ್ನೂ ಒಬ್ಬರೇ ಹೊತ್ತಿರುವುದಕ್ಕೆ ಬೇರೆ ಯಾರೂ ಮುಂದೆ ಬಾರದಿರುವುದೂ ಕಾರಣವಿರಬಹುದು. ಒಪ್ಪದಿದ್ದರೆ ಮಗುವನ್ನು ಬೇರೆ ಕ್ಲಬ್ಬಿಗೆ ಸೇರಿಸಿ. ಉತ್ತರ ಬರುವವರೆಗೆ ತರಬೇತಿಯ ಹೊತ್ತಿನಲ್ಲಿ ನಿಮ್ಮಲ್ಲೊಬ್ಬರು ಮೈದಾನದಲ್ಲಿಯೇ ಇರಿ. ಸ್ಪರ್ಧೆಗೆ ಮಗುವನ್ನು ನೀವೇ ಕರೆದೊಯ್ಯಿರಿ.