ನಾಲೆ ರಸ್ತೆ ಬಂದರೆ ಉಸಿರು ಕಟ್ಟುತ್ತಿದ್ದ ಹುಡುಗಿ

ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಸಿಂಚನ ಅಂತ ಕರೆಯೋಣ. ವಯಸ್ಸು ಹನ್ನೆರಡು, ಏಳನೇ ಕ್ಲಾಸು. ಪಾಂಡವಪುರ ಕಡೆಯ ಹಳ್ಳಿಯಿಂದ ಸ್ಕೂಲ್ ಬಸ್ಸಲ್ಲಿ ಮಂಡ್ಯಕ್ಕೆ ಓಡಾಡುತ್ತಿದ್ದಳು.

"ಬಸ್ ಹತ್ತಿ ಸ್ವಲ್ಪ ಹೊತ್ತಿಗೇ ಎದೆ ಡಬಡಬ ಅಂತದಂತೆ ಮೇಡಂ. ಉಸಿರು ಸಿಗಲ್ಲ, ಕೈ ಜೋಮು ಹಿಡೀತದೆ, ಸತ್ತೋಯ್ತೀನಿ ಅಂತ ಅಳ್ತಾಳೆ" ಅಂದರು ತಾಯಿ. ಪ್ರತಿ ಸಲವೂ ಡ್ರೈವರ್ ಫೋನ್ ಮಾಡುತ್ತಿದ್ದರು, ಅಪ್ಪ ಬೈಕಿನಲ್ಲಿ ಹೋಗಿ ಮನೆಗೆ ಕರೆತರುತ್ತಿದ್ದರು. ಇ.ಸಿ.ಜಿ., ರಕ್ತ, ಥೈರಾಯ್ಡ್ ಎಲ್ಲ ನೋಡಿಸಿಯಾಗಿತ್ತು. ಏನೂ ತೊಂದರೆ ಇರಲಿಲ್ಲ. ಅಜ್ಜಿ ದೃಷ್ಟಿ ತೆಗೆದು ತಾಯತವನ್ನೂ ಕಟ್ಟಿಸಿದ್ದರು. ಬಸ್ಸಿನಲ್ಲಿ ಯಾರೋ "ಸ್ಕೂಲ್ ತಪ್ಪಿಸೋಕೆ ನಾಟಕ" ಅಂದಿದ್ದರಂತೆ. ಮಗುವಿಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಆ ಮಾತಿನಿಂದ.

ಅವಳಿಗೆ ಆಗುತ್ತಿದ್ದದ್ದು ಪ್ಯಾನಿಕ್ ಅಟ್ಯಾಕ್. ಅಪಾಯ ಬಂತು ಅಂತ ಮೆದುಳು ಅಂದುಕೊಂಡ ತಕ್ಷಣ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಹರಿಯುತ್ತದೆ. ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಹಾಗೆ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಮಗು ಅದನ್ನು ಸಾವು ಅಂದುಕೊಂಡು ಇನ್ನಷ್ಟು ಹೆದರುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಇದು ತುದಿ ಮುಟ್ಟಿ, ತಾನಾಗೇ ಇಳಿಯುತ್ತದೆ.

ಬಸ್ಸಲ್ಲೇ ಯಾಕೆ? ದಾರಿಯಲ್ಲಿ ಎಲ್ಲಿ ಶುರುವಾಗುತ್ತದೆ ಅಂತ ಚಿತ್ರ ಬರೆದು ತೋರಿಸು ಅಂದೆ. ಪೆನ್ಸಿಲ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆಯಲ್ಲಿ ನಿಂತಿತು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಸ್ಕೂಲ್ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಮ್ಮ ಜಿಲ್ಲೆಯಲ್ಲಿ ಅದನ್ನು ಮರೆತವರಿಲ್ಲ. ಸಿಂಚನ ಆಗ ತುಂಬಾ ಚಿಕ್ಕವಳು. ಆದರೆ ನಾಲೆಗೆ ಕಾರು ಬಿತ್ತು ಅಂತ ಸುದ್ದಿ ಬಂದಾಗಲೆಲ್ಲ ಮನೆಯಲ್ಲಿ ಆ ಕಥೆ ಮತ್ತೆ ಏಳುತ್ತಿತ್ತು, ಅಪ್ಪನ ಮೊಬೈಲಿನಲ್ಲಿ ವಿಡಿಯೋ ಓಡುತ್ತಿತ್ತು. ಮಗು ಪಕ್ಕದಲ್ಲೇ ಕೂತಿರುತ್ತಿತ್ತು.

ಅವಳಿಗೆ ನಾನು ಹೇಳಿದ್ದಿಷ್ಟು: ನಿಮ್ಮ ಮನೆ ನಾಯಿ ಕೆಲವು ಸಲ ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದೆ, ಅಲ್ವಾ? ಅದು ಕಾವಲು ಕಾಯುತ್ತಿದೆ, ಆಳು ಯಾರು ಅನ್ನೋದಷ್ಟೇ ಅದಕ್ಕೆ ಗೊತ್ತಾಗಿಲ್ಲ. ನಿನ್ನ ಮೈಯೂ ಈಗ ಹಾಗೇ ಮಾಡುತ್ತಿದೆ.

ಡಾಕ್ಟರ್ ಎದೆ, ಉಸಿರು ಎರಡೂ ಸರಿ ಇದೆ ಅಂದಿದ್ದರಿಂದ ಇಬ್ಬರೂ ಕೂತು ಅರ್ಧ ನಿಮಿಷ ಬೇಕಂತಲೇ ಜೋರಾಗಿ ಉಸಿರಾಡಿದೆವು. ಅವಳು ಬೆರಳು ನೋಡಿಕೊಂಡು "ಮೇಡಂ, ಅದೇ ಜೋಮು!" ಅಂದಳು. ಕಣ್ಣಲ್ಲಿ ಹೆದರಿಕೆಗಿಂತ ಆಶ್ಚರ್ಯ ಜಾಸ್ತಿ ಇತ್ತು. ಆಮೇಲೆ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಬಾಯಲ್ಲಿ ಆರು ಎಣಿಸುವಷ್ಟು ಹೊತ್ತು ಹೊರಗೆ. ಜೋಮು ಇಳಿಯಿತು. ಇದನ್ನು ಹೆದರಿಕೆ ಇಲ್ಲದಾಗಲೇ, ಬೆಳಿಗ್ಗೆ ಸಂಜೆ ಅಭ್ಯಾಸ ಮಾಡಬೇಕು. ಅಟ್ಯಾಕ್ ಬಂದಾಗ ಹೊಸದಾಗಿ ಕಲಿಯೋಕೆ ಆಗಲ್ಲ. ಮೂಗಿಗೆ ಪೇಪರ್ ಕವರ್ ಹಿಡಿಸುವ ಹಳೇ ಪದ್ಧತಿ ಮಾತ್ರ ಬೇಡ.

ಮನೆಯವರಿಗೆ ಕಷ್ಟವಾದದ್ದು ಬೈಕಿನ ವಿಷಯ. ಮಗು ಅಳುವಾಗ ಹೋಗದೆ ಇರುವುದು ಹೇಗೆ ಅಂದರು ಅಪ್ಪ. ಅವರ ಸಂಕಟ ನಿಜ. ಆದರೆ ಪ್ರತಿ ಸಲ ಬಸ್ಸಿಂದ ಇಳಿಸಿಕೊಂಡು ಬಂದರೆ, ಇಳಿದದ್ದಕ್ಕೇ ಬದುಕಿದೆ ಅಂತ ಮೈ ಕಲಿಯುತ್ತದೆ. ಹೆದರಿಕೆ ಇದ್ದಲ್ಲೇ ಸ್ವಲ್ಪ ಹೊತ್ತು ಇದ್ದು, ಅದು ಇಳಿಯುವುದನ್ನು ಮಗು ಕಣ್ಣಾರೆ ನೋಡಬೇಕು. ಹಾಗಂತ ಒಂದೇ ಸಲಕ್ಕೆ ತಳ್ಳುವುದಲ್ಲ. ಸಿಂಚನಳೇ ಮೆಟ್ಟಿಲು ಬರೆದಳು. ನಿಂತಿರುವ ಬಸ್ಸಲ್ಲಿ ಕೂರುವುದು, ಅಪ್ಪನ ಜೊತೆ ಮುಂದಿನ ಊರಿನ ತನಕ, ಅಪ್ಪನ ಜೊತೆ ನಾಲೆ ದಾಟಿ, ಗೆಳತಿಯ ಜೊತೆ, ಕೊನೆಗೆ ಒಬ್ಬಳೇ. ಒಂದು ಮೆಟ್ಟಿಲು ಬೇಜಾರಾಗುವಷ್ಟು ಸಲೀಸಾದ ಮೇಲೇ ಮುಂದಿನದು.

"ಏನೂ ಆಗಿಲ್ಲ, ಸುಮ್ನಿರು" ಅನ್ನಬೇಡಿ, ಆಗುತ್ತಿರುವುದು ಅವಳಿಗೆ ಗೊತ್ತು ಅಂದೆ. ಬದಲಿಗೆ, "ಅದು ಬಂದಿದೆ ಮಗಾ, ಹೋಗ್ತದೆ, ನಾನಿಲ್ಲೇ ಇದ್ದೀನಿ" ಅನ್ನಿ. ತಾಯತ ಇರಲಿ, ಅಜ್ಜಿಯ ಪ್ರೀತಿ ಅದು. ಮಗುವಿಗೆ ಏನೋ ಮೆಟ್ಟಿಕೊಂಡಿದೆ ಅನ್ನುವ ಮಾತು ಮಾತ್ರ ಅವಳ ಕಿವಿಗೆ ಬೀಳಬಾರದು. ವಿಡಿಯೋ ಅಂತೂ ಬೇಡವೇ ಬೇಡ. ಕ್ಲಾಸಿನಲ್ಲಿ ಬಂದರೆ ಮನೆಗೆ ಕಳಿಸದೆ, ಹೊರಗೆ ಸ್ವಲ್ಪ ಹೊತ್ತು ಕೂರಿಸಿ ವಾಪಸ್ ಕರೆದುಕೊಳ್ಳಲು ಟೀಚರ್ ಒಪ್ಪಿದರು.

ನಡುವೆ ಜ್ವರ ಬಂದು ಒಂದು ವಾರ ರಜೆಯಾಯಿತು, ಮತ್ತೆ ಎರಡು ಮೆಟ್ಟಿಲು ಕೆಳಗಿಂದ ಶುರು ಮಾಡಿದೆವು. ಹೀಗಾಗುವುದು ಸಹಜ. ಆಮೇಲೊಮ್ಮೆ ನಾಲೆ ಹತ್ತಿರ ಜೋರಾಗಿಯೇ ಬಂತಂತೆ, ಅವಳು ಇಳಿಯಲಿಲ್ಲ. ಈಗ ಗೆಳತಿಯ ಜೊತೆ ಓಡಾಡುತ್ತಾಳೆ. ಒಬ್ಬಳೇ ಹೋಗುವ ಮೆಟ್ಟಿಲು ಇನ್ನೂ ಬಾಕಿ ಇದೆ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಲದು. ಮಗು ಊಟ, ನಿದ್ದೆ ಬಿಟ್ಟರೆ, ಸ್ಕೂಲಿಗೆ ಹೋಗುವುದನ್ನೇ ನಿಲ್ಲಿಸಿದರೆ, ಸಾಯುವ ಮಾತಾಡಿದರೆ ಕಾಯದೆ ಮನೋವೈದ್ಯರಿಗೆ ತೋರಿಸಿ. ಮಂಡ್ಯದಲ್ಲೂ ಮೈಸೂರಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಅವರಿದ್ದಾರೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.